ಜೀನು

ಕುದುರೆಗೆ ಬಿಗಿಯುವ ಜೀನು ಪಾರಸಿಯಿಂದ ಬಂದದ್ದು. ಹಲ್ಲಣ, ತಡಿ ನಮ್ಮ ಹಳೆಯ ಮಾತುಗಳು. ಇನ್ನೊಂದು ಜೀನ್ ಗ್ರೀಕ್ ಬೇರಿನದು. ಡೆನ್ಮಾರ್ಕಿನ ವಿಲ್ಹೆಲ್ಮ್ ಯೋಹಾನ್ಸೆನ್ 1909ರಲ್ಲಿ ಬಳಕೆಗೆ ತಂದ ಈ ಪದಕ್ಕೆ ಕನ್ನಡದಲ್ಲಿ ವಂಶವಾಹಿ ಎನ್ನುತ್ತೇವೆ. ಎರಡಕ್ಕೂ ನಂಟಿಲ್ಲ. ಆದರೂ ತಲೆಬುರುಡೆಯ ತಳದಲ್ಲಿ ಎರಡೂ ಎದುರಾಗುತ್ತವೆ!

ಬಟಾಣಿಯಷ್ಟಿರುವ ಪಿಟ್ಯುಟರಿ ಗ್ರಂಥಿ ಕೂತ ಮೂಳೆಯ ಗುಳಿಗೆ ವೈದ್ಯರ ಲ್ಯಾಟಿನ್ನಿನಲ್ಲಿ ‘ಟರ್ಕಿಯ ಜೀನು’ ಎಂದೇ ಹೆಸರು, ಆಕಾರ ಹಾಗಿದೆ. ಅಲ್ಲಿ ಏಳುವ ಗಡ್ಡೆ ಬಹುಪಾಲು ಕ್ಯಾನ್ಸರ್ ಅಲ್ಲ. ಕೆಲವು ಮಾತ್ರ ಜೀನಿನ ಅಂಚು ದಾಟಿ, ಮಿದುಳಿಗೆ ರಕ್ತ ಒಯ್ಯುವ ನಾಳವನ್ನು ಸುತ್ತಿಕೊಳ್ಳುತ್ತವೆ. ಆಗ ಪೂರ್ತಿ ತೆಗೆಯುವುದು ಕಷ್ಟ. ಹೀಗೆ ನುಗ್ಗುವ ಗಡ್ಡೆಗಳಲ್ಲಿ, ಸುತ್ತಲಿನ ಅಂಗಾಂಶವನ್ನು ಕರಗಿಸುವ ಎಂಎಂಪಿ-9 ಎಂಬ ಕಿಣ್ವದ ವಂಶವಾಹಿ ಹೆಚ್ಚು ಚುರುಕಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ.

ವಂಶವಾಹಿ ಹೀಗೆ ಕೆಲಸ ಮಾಡುವುದನ್ನು ಪಠ್ಯಪುಸ್ತಕ ‘ಅಭಿವ್ಯಕ್ತಿ’ ಎನ್ನುತ್ತದೆ. ಆ ಮಾತು ಕವಿತೆಗೆ ಸರಿ. ನಿಟ್ಟೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರುವ ತೆಂಗಿನ ತೋಟದ ತಾಯಿಗೆ, ‘ಅಮ್ಮಾ, ಗಡ್ಡೆಯೊಳಗೆ ಈ ಜೀನ್ ಜೋರಾಗಿ ಕೆಲಸ ಮಾಡ್ತಿದೆ’ ಎಂದರೆ ತಿಳಿಯುತ್ತದೆ. ನಾನಂತೂ ಹಾಗೇ ಬರೆಯುತ್ತೇನೆ.