ಕರೋಡಗಿರಿ ನಾಕಾದಿಂದ ಸುಂಕಪಟ್ಟಿಯವರೆಗೆ

ಇಂದು ಕಲಬುರಗಿ ಜಿಲ್ಲೆಯ ತಾಲ್ಲೂಕುಗಳಾಗಿರುವ ಆಳಂದ, ಅಫಜಲಪುರ ಮತ್ತು ಜೇವರ್ಗಿ, ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದ್ ಸಂಸ್ಥಾನದ ಪಶ್ಚಿಮ ಅಂಚಿನ ಸೀಮೆಗಳಾಗಿದ್ದವು. ಆಳಂದದ ಆಚೆಗೆ ಅಕ್ಕಲಕೋಟೆ ಸಂಸ್ಥಾನವೂ ಉಳಿದೆರಡರ ಆಚೆಗೆ ಬ್ರಿಟಿಷರ ಮುಂಬಯಿ ಪ್ರಾಂತದ ಇಂಡಿ, ಸಿಂದಗಿ ತಾಲ್ಲೂಕುಗಳೂ ಇದ್ದುದರಿಂದ, ಒಂದೇ ಮಾತನಾಡುವ, ಬೀಗತನ ಬೆಳೆಸಿದ ಊರುಗಳ ನಡುವೆಯೂ ವ್ಯಾಪಾರದ ಸರಕು ಸುಂಕದ ಗಡಿಯನ್ನು ದಾಟಬೇಕಿತ್ತು. ಆ ಸುಂಕದ ವ್ಯವಸ್ಥೆಗೆ ಕರೋಡಗಿರಿ ಎಂದೂ ಅದನ್ನು ವಸೂಲು ಮಾಡುವ ಗಡಿ ಚೌಕಿಗೆ ನಾಕಾ ಎಂದೂ ಹೆಸರಿತ್ತು.

ನಿಜಾಮರಿಗೂ ಈಸ್ಟ್ ಇಂಡಿಯಾ ಕಂಪನಿಗೂ 1802ರಲ್ಲಿ ಆದ ವಾಣಿಜ್ಯ ಒಪ್ಪಂದವು ಪರಸ್ಪರ ಆಮದಿನ ಮೇಲೆ ಸರಕಿನ ಬೆಲೆಯ ಶೇಕಡಾ 5ರಷ್ಟು ಸುಂಕವನ್ನು ಗೊತ್ತುಮಾಡಿತು. ಸುಂಕವು ಬೆಲೆಯನ್ನು ಅನುಸರಿಸಿದಾಗ ಬಟ್ಟೆ ಯಾವ ಬಗೆಯದೆಂಬುದಕ್ಕಿಂತ ಅದರ ಬೆಲೆ ಎಷ್ಟೆಂಬುದೇ ಮುಖ್ಯವಾಗುತ್ತದೆ. ಮುಂದೆ ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಸುಮಾರು ಏಳಕ್ಕೆ ಬ್ರಿಟಿಷರ ಕಲ್ದಾರ ರೂಪಾಯಿ ಆರರಂತೆ ನಡೆಯುತ್ತಿದ್ದುದರಿಂದ, ಗಡಿಯ ವರ್ತಕರು ಪ್ರತಿಯೊಂದು ಲೆಕ್ಕವನ್ನೂ ಎರಡು ನಾಣ್ಯಗಳಲ್ಲಿ ತೂಗಿನೋಡಬೇಕಾಗಿತ್ತು.

ಸೊಲ್ಲಾಪುರ, ಕಲಬುರಗಿಗಳ ಮೂಲಕ ಮುಂಬಯಿಯನ್ನು ರಾಯಚೂರಿಗೆ ಜೋಡಿಸಿದ ರೈಲುದಾರಿ 1871ರಲ್ಲಿ ಪೂರ್ಣಗೊಂಡ ಮೇಲೆ ಗಿರಣಿ ಬಟ್ಟೆ ಈ ಸೀಮೆಗೆ ಹತ್ತಿರವಾಯಿತು. ಮುಂದೆ ಸುಂಕಪಟ್ಟಿಯಲ್ಲಿ ತನ್ನದೇ ಶೀರ್ಷಿಕೆ ಪಡೆಯಲಿದ್ದ ಬೇರೊಂದು ಬಟ್ಟೆ, ಪುಸ್ತಕದ ರಟ್ಟಿನ ಹೊದಿಕೆಗೆಂದೇ ಇದ್ದದ್ದು, ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದಿತ್ತು. 1820ರ ದಶಕದಲ್ಲಿ ಲಂಡನ್ನಿನ ಪ್ರಕಾಶಕ ವಿಲಿಯಂ ಪಿಕರಿಂಗ್ ಮತ್ತು ರಟ್ಟು ಕಟ್ಟುವ ಆರ್ಚಿಬಾಲ್ಡ್ ಲೈಟನ್ ಬಳಕೆಗೆ ತಂದ ಈ ಹತ್ತಿ ಬಟ್ಟೆಗೆ ಗಂಜಿ ತುಂಬಿ ಒತ್ತುತ್ತಿದ್ದರು. ಹಾಗೆ ಮಾಡಿದರೆ ನೂಲಿನ ಸಂದು ಮುಚ್ಚಿ, ರಟ್ಟಿಗೆ ಹಚ್ಚಿದ ಸರೇಸು ಹೊರಗೆ ಇಣುಕದೆ, ಮೇಲೆ ಚಿನ್ನದ ಅಕ್ಷರ ಅಚ್ಚುಕಟ್ಟಾಗಿ ಮೂಡುತ್ತಿತ್ತು. ಕನ್ನಡ ಪ್ರಕಾಶಕರು ಕ್ಯಾಲಿಕೊ ಬೈಂಡಿಂಗ್ ಎನ್ನುವುದು ಈ ಪರಂಪರೆಯದೇ.

1947–48ರ ವಿಮೋಚನಾ ಹೋರಾಟದಲ್ಲಿ ಗಡಿ ಶಿಬಿರಗಳ ಹೋರಾಟಗಾರರು ಕರೋಡಗಿರಿ ನಾಕಾಗಳನ್ನು ಗುರಿಯಾಗಿಸಿಕೊಂಡದ್ದು ಆಕಸ್ಮಿಕವಲ್ಲ. ಜನರಿಗೆ ಸಂಸ್ಥಾನದ ಅಧಿಕಾರ ದಿನವೂ ಕಣ್ಣಿಗೆ ಬೀಳುತ್ತಿದ್ದುದು ಅಲ್ಲಿಯೇ. 1948ರ ಸೆಪ್ಟೆಂಬರ್ 18ರಂದು ನಿಜಾಮರ ಪಡೆ ಶರಣಾದರೂ, ಸಂವಿಧಾನದ 306ನೆಯ ವಿಧಿಯು ಹೈದರಾಬಾದಿನಂಥ ‘ಬಿ’ ವರ್ಗದ ರಾಜ್ಯಗಳಿಗೆ, ಕೇಂದ್ರದೊಡನೆ ಒಪ್ಪಂದವಾದಲ್ಲಿ, ಗರಿಷ್ಠ 10 ವರ್ಷ ಒಳಗಡಿಯ ಸುಂಕವನ್ನು ಮುಂದುವರಿಸಲು ಅವಕಾಶವಿತ್ತಿತ್ತು. 1956ರ ಏಳನೆಯ ತಿದ್ದುಪಡಿ ಆ ವಿಧಿಯನ್ನೇ ತೆಗೆದುಹಾಕಿತು.

ಈಗ ಸುಂಕದ ಗಡಿ ದೇಶದ ಬಂದರುಗಳಲ್ಲಿದೆ, ಪ್ರಶ್ನೆಯೂ ಬದಲಾಗಿದೆ. 1975ರ ಸುಂಕಪಟ್ಟಿ ಕಾಯಿದೆಯಡಿ, ಪುಸ್ತಕದ ಹೊರಹೊದಿಕೆಗೆ ಬಳಸುವ, ಗೋಂದು ಅಥವಾ ಗಂಜಿಯಂಥ ಪಿಷ್ಟ ಪದಾರ್ಥ ಲೇಪಿಸಿದ ಬಟ್ಟೆ 5901ನೆಯ ಶೀರ್ಷಿಕೆಗೆ ಸೇರುತ್ತದೆ. ಪ್ಲಾಸ್ಟಿಕ್ ಲೇಪಿಸಿದ್ದು 5903ಕ್ಕೆ. ಆದರೆ ಆ ಪ್ಲಾಸ್ಟಿಕ್ ಲೇಪ ಬರಿಗಣ್ಣಿಗೆ ಕಾಣಬೇಕು. 15ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 7 ಮಿಲಿಮೀಟರ್ ವ್ಯಾಸದ ಉರುಳೆಯ ಸುತ್ತ ಕೈಯಿಂದ ಬಗ್ಗಿಸಿದಾಗ ಬಟ್ಟೆ ಸೀಳಬಾರದು. ಸೀಳಿದರೆ ಅದು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ 39ನೆಯ ಅಧ್ಯಾಯಕ್ಕೆ ಹೋಗುತ್ತದೆ. ಸುಂಕದ ಮೊತ್ತ ಇಂದಿಗೂ ಬೆಲೆಯನ್ನೇ ಅವಲಂಬಿಸಿದ್ದರೂ, ಅದರ ದರವನ್ನು ಮೊದಲು ತೀರ್ಮಾನಿಸುವುದು ವಸ್ತುವಿನ ಬಗೆಯೇ.

ನಾಕಾಗಳ ಆಡಳಿತದ ಸಾಕ್ಷ್ಯ ಸರ್ಕಾರಿ ಕಡತಗಳಲ್ಲಷ್ಟೇ ಇರುವುದಿಲ್ಲ, ವ್ಯಾಪಾರಿ ಮನೆತನಗಳ ಕಿರ್ದಿ, ಖಾತೆ, ಸುಂಕದ ರಸೀದಿಗಳಲ್ಲಿಯೂ ಇರುತ್ತದೆ. ಈ ಮೂರು ತಾಲ್ಲೂಕುಗಳಲ್ಲಿ ಅಂಥ ಹಳೆಯ ಲೆಕ್ಕದ ಪುಸ್ತಕಗಳುಳ್ಳವರು ಅವನ್ನು ರದ್ದಿಗೆ ಹಾಕದೆ ವಿಶ್ವವಿದ್ಯಾಲಯಕ್ಕೋ ಪತ್ರಾಗಾರಕ್ಕೋ ಒಪ್ಪಿಸಬೇಕು.