ಪದಚ್ಛೇದ: ಹಲ್ಮಿಡಿಯಿಂದ ಹುಡುಕುವ ಯಂತ್ರದವರೆಗೆ

ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು ಎಂಬುದನ್ನು ನಿರ್ಣಯಿಸುವುದು ಮೇಲುನೋಟಕ್ಕೆ ಮಕ್ಕಳ ಪಾಠದಂತೆ ತೋರೀತು. ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ದೊರೆತ, ಕ್ರಿ.ಶ. ಸುಮಾರು 450ರದೆಂದು ಎಣಿಸಲಾಗಿರುವ ಶಾಸನದ ಪಡಿಯಚ್ಚನ್ನು ವಾಚಕರು ಒಮ್ಮೆ ನೋಡಬೇಕು. ಅಕ್ಷರದ ಮಗ್ಗುಲಿಗೆ ಅಕ್ಷರವಿದೆಯೇ ಹೊರತು ಪದಗಳ ನಡುವೆ ತೆರಪಿಲ್ಲ. ಬಿಡಿಸಿಕೊಳ್ಳುವ ಭಾರವೆಲ್ಲ ಓದುವವನದು.

ಈ ಭಾರವನ್ನು ಹಿರಿಯರು ಹಗುರವಾಗಿ ಎಣಿಸಲಿಲ್ಲ. ಋಗ್ವೇದದ ಸಂಹಿತೆಯನ್ನು ಪದಪದವಾಗಿ ಬಿಡಿಸಿದ ಪದಪಾಠವನ್ನು ಸಂಪ್ರದಾಯವು ಶಾಕಲ್ಯನ ಹೆಸರಿಗೆ ಸಲ್ಲಿಸುತ್ತದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವಾದರೋ ಪದಗಳನ್ನು ಅಕಾರಾದಿಯಾಗಿ ನಿಲ್ಲಿಸಿತು. ಮೊದಲ ಎರಡಕ್ಷರ ಹಿಡಿದು ಪುಟದ ಮೇಲೆ ಬೆರಳಾಡಿಸಿದರೆ ಮಿಕ್ಕ ಪದಗಳು ತಾವಾಗಿ ಕಣ್ಣಿಗೆ ಬೀಳುತ್ತವೆ. 2004ರ ಡಿಸೆಂಬರಿನಲ್ಲಿ ಗೂಗಲ್ ಸಂಸ್ಥೆಯು ಪ್ರಯೋಗಾರ್ಥವಾಗಿ ತಂದ ಸಲಹಾಪಟ್ಟಿ ಮಾಡಿದ್ದೂ ಸುಮಾರಾಗಿ ಇದನ್ನೇ.

ಆದರೆ ಯಂತ್ರವು ಕೇಳಿದಾಗಲೆಲ್ಲ ಗ್ರಂಥವನ್ನು ಮೊದಲಿನಿಂದ ಓದುವುದಿಲ್ಲ. ಪಠ್ಯವನ್ನು ಮುಂಚಿತವಾಗಿ ತುಂಡರಿಸಿ, ಯಾವ ತುಂಡು ಎಲ್ಲಿದೆಯೆಂಬ ಸೂಚಿಯನ್ನು ಸಿದ್ಧಪಡಿಸಿಟ್ಟಿರುತ್ತದೆ. ಈ ತುಂಡಿಗೆ ಟೋಕನ್ ಎಂದು ಹೆಸರು. ಡಗ್ ಕಟಿಂಗ್ ಎಂಬವರು 1999ರಲ್ಲಿ ರಚಿಸಿದ ಲೂಸೀನ್ ಎಂಬ ಶೋಧನ ತಂತ್ರಾಂಶದಲ್ಲಿ ತುಂಡರಿಸುವ ಕ್ರಮಗಳು ಹಲವಿವೆ. ಅವುಗಳಲ್ಲೊಂದು ಅಕ್ಷರವಿರುವತನಕ ಪದ, ಅಕ್ಷರವಲ್ಲದ್ದು ಬಂದೊಡನೆ ಪದ ಮುಗಿಯಿತು ಎಂದು ತಿಳಿಯುತ್ತದೆ. ಇಂಗ್ಲಿಷಿಗೆ ಅದು ಸಾಕು. ಯೂನಿಕೋಡಿನ ಲೆಕ್ಕದಲ್ಲಾದರೆ ನಮ್ಮ ‘ಕ’ ಅಕ್ಷರ. ಕೊಂಬು, ವಿರಾಮಚಿಹ್ನೆ ಮೊದಲಾದವು ಅಕ್ಷರಗಳಲ್ಲ, ಬರಿಯ ಗುರುತುಗಳು! ಆದುದರಿಂದ ‘ಕನ್ನಡ’ವು ‘ಕನ’, ‘ನಡ’ ಎಂದು ಇಬ್ಭಾಗವಾಯಿತು. ‘ಪುಸ್ತಕ’ವು ‘ಪ’, ‘ಸ’, ‘ತಕ’ ಎಂದು ಮೂರಾಯಿತು. ಹೀಗೆ ಕಡಿದಿಟ್ಟ ಗ್ರಂಥ ಭಂಡಾರದಲ್ಲಿದ್ದೂ ಇಲ್ಲದಂತೆಯೇ ಸರಿ. 2011ರ ಲೂಸೀನ್ 3.1ರಲ್ಲಿ ಸಾಮಾನ್ಯ ಬಳಕೆಯ ಕ್ರಮವನ್ನು ಯೂನಿಕೋಡಿನ ಪದವಿಭಜನೆಯ ನಿಯಮಕ್ಕೆ ಹೊಂದಿಸಿದರು. ಅದರಂತೆ ಗುರುತು ತನ್ನ ಹಿಂದಿನ ಅಕ್ಷರವನ್ನು ಬಿಟ್ಟಗಲದು.

ಸಲಹೆಯ ವಿಷಯದಲ್ಲಿ ಇನ್ನೊಂದು ತೊಡಕುಂಟು. ಅರ್ಧ ಬರೆದವನಿಗೂ ಪದ ಸಿಕ್ಕಬೇಕಾದುದರಿಂದ ‘ಕನ್ನಡ’ದ ಮುಂಭಾಗಗಳನ್ನೆಲ್ಲ, ಎಂದರೆ ‘ಕ’, ‘ಕನ’, ‘ಕನ್’, ‘ಕನ್ನ’ ಎಂಬವನ್ನು ಸೂಚಿಯಲ್ಲಿ ಸೇರಿಸುವ ರೂಢಿಯಿದೆ. ‘ಕನ’ ಎಂಬುದು ‘ಕನ್ನಡ’ದ ಭಾಗವೇ ಎಂದು ವೈಯಾಕರಣರು ಹುಬ್ಬೇರಿಸಬಹುದು. ಒತ್ತಕ್ಷರ ಮುಗಿಸದ ಬೆರಳಿಗೆ ಅದೂ ಬೇಕು. ‘ಕನಕ’ವನ್ನು ಮುಂದಿಟ್ಟು ‘ಕನ್ನಡ’ವನ್ನು ಅದರ ಹಿಂದೆ ತೋರಿಸಿದರಾಯಿತೆಂದು ನನ್ನ ಮತ.

ಇಷ್ಟಾದರೂ ಸಂಧಿ ಉಳಿಯಿತು. ‘ತಾವರೆ’ ಎಂದು ಹುಡುಕಿದವನಿಗೆ ‘ಬೆಟ್ಟದಾವರೆ’ ದೊರೆಯದು. ‘ಕಾಲ’ ಎಂದವನಿಗೆ ‘ಮಳೆಗಾಲ’ ಕಾಣದು. ಸಂಧಿ ಕಲಿತು ಏನುಪಯೋಗವೆಂದು ತರಗತಿಯಲ್ಲಿ ಕೇಳುವ ಹುಡುಗರಿಗೆ ಈಚೆಗೆ ನಾನು ಇವೆರಡನ್ನೇ ಹೇಳುತ್ತೇನೆ. ಗದಬಗಳನ್ನು ಕತಪಗಳಿಗೆ ತಿರುಗಿಸಿ, ಬಿಡಿಸಿದ ರೂಪವನ್ನೂ ಇಡಿಯ ರೂಪವನ್ನೂ ಒಟ್ಟಿಗೆ ಸೂಚಿಯಲ್ಲಿಡಬಹುದು. ಕಣ್ಣುಮುಚ್ಚಿ ತಿರುಗಿಸಿದರೆ ಮಾತ್ರ ‘ಮನೆಗಳು’ ಎಂಬಲ್ಲಿ ‘ಕಳು’ ಎಂಬ ಇಲ್ಲದ ಪದ ಹುಟ್ಟುತ್ತದೆ. ಅದಕ್ಕಾಗಿ ಕಿಟ್ಟೆಲರದರಂತಹ ಪದಪಟ್ಟಿಯೊಂದನ್ನು ಯಂತ್ರದ ಪಕ್ಕದಲ್ಲಿಟ್ಟು, ಎರಡು ಹೋಳುಗಳೂ ಅದರಲ್ಲಿದ್ದರೆ ಮಾತ್ರ ಬಿಡಿಸೆಂದು ಕಟ್ಟಳೆ ಮಾಡಬೇಕಾಗುತ್ತದೆ.