ಕೊನೆಯ ತುತ್ತು

ಸಂಜೆ ಚುರುಕಾಗಿದ್ದ ಪ್ರಾಣಿ ಒಂದೆರಡು ಗಂಟೆಯೊಳಗೆ ಸತ್ತಿದೆ. ಮೈಮೇಲೆ ಗಾಯವಿಲ್ಲ, ಹಿಂದಿನ ದಿನಗಳಲ್ಲಿ ಕಾಯಿಲೆಯ ಸುಳಿವೂ ಇಲ್ಲ. ಅಮೆರಿಕದ ಮನೆಗಳಲ್ಲಿ ಸಾಕಿದ್ದ ಬಿಯರ್ಡೆಡ್ ಡ್ರ್ಯಾಗನ್‌ಗಳ ಇಂಥ ಸಾವಿಗೆ ಕಾರಣವೇನೆಂದು ಹುಡುಕುತ್ತ ಹಳೆಯ ವಿಜ್ಞಾನ ಪತ್ರಿಕೆಗಳ ಮುಂದೆ ಕೂತೆ.

ಆಸ್ಟ್ರೇಲಿಯಾ ಮೂಲದ ಈ ಪ್ರಾಣಿಯನ್ನು ಗಡ್ಡದ ಓತಿ ಎನ್ನೋಣ. ನಮ್ಮ ಬೇಲಿಯ ಮೇಲೆ ತಲೆಯಾಡಿಸುತ್ತ ಕೂರುವ ಓತಿಕ್ಯಾತನೂ ಇದೂ ಒಂದೇ ಕುಟುಂಬದವು. ಗಂಟಲ ಕೆಳಗಿನ ಮುಳ್ಳುಮುಳ್ಳಾದ ಚರ್ಮವನ್ನು ಉಬ್ಬಿಸಿದರೆ ಗಡ್ಡ ಬಿಟ್ಟಂತೆ ಕಾಣುತ್ತದೆ. ಹೆದರಿದಾಗ, ಸಿಟ್ಟು ಬಂದಾಗ ಆ ಗಡ್ಡ ಕಪ್ಪಾಗುತ್ತದೆ. ಸಾಧು ಸ್ವಭಾವ; ಸಾಕಿದವರ ಕೈಯಿಂದಲೇ ಹುಳು ತಿನ್ನುತ್ತದೆ. ಈ ಕಥೆಯಲ್ಲಿ ಅದರ ಜೀವಕ್ಕೆ ಕುತ್ತು ತಂದದ್ದೂ ಈ ನಂಬಿಕೆಯೇ.

ಹುಡುಕಾಟದ ಮೊದಲ ತೊಡಕು ಹೆಸರಿನದು. ‘ಪೊಗೋನ’ ಎಂಬ ಕುಲನಾಮ ಹಿಡಿದು ಹೊರಟರೆ 1982ಕ್ಕಿಂತ ಹಿಂದಕ್ಕೆ ದಾರಿಯೇ ಇಲ್ಲ. ಮನೆಗಳಲ್ಲಿ ಹೆಚ್ಚಾಗಿ ಸಾಕುವ ಪ್ರಭೇದಕ್ಕೆ 1926ರಲ್ಲಿ ಅರ್ನ್ಸ್ಟ್ ಆಲ್ ಕೊಟ್ಟ ಹೆಸರು ‘ಆಂಫಿಬೊಲೂರಸ್ ವಿಟಿಸೆಪ್ಸ್’. 1982ರಲ್ಲಿ ಗ್ಲೆನ್ ಸ್ಟಾರ್ ಗಡ್ಡದ ಓತಿಗಳನ್ನೆಲ್ಲ ಬೇರೆ ಮಾಡಿ, ಗ್ರೀಕಿನಲ್ಲಿ ಗಡ್ಡ ಎಂಬರ್ಥದ ಪದದಿಂದ ‘ಪೊಗೋನ’ ಎಂಬ ಹೊಸ ಕುಲ ಕಟ್ಟಿದರು. ಹಳೆಯ ಹೆಸರನ್ನೂ ಸೇರಿಸಿಕೊಂಡು ಹುಡುಕಿದಾಗ ಬಾಗಿಲು ತೆರೆಯಿತು.

ಮೊದಲು ಸಿಕ್ಕ ಆರೋಪಿ ಒಂದು ವೈರಸ್. ಅದೇ 1982ರಲ್ಲಿ ನ್ಯೂಜಿಲೆಂಡಿನ ಪಶುವೈದ್ಯ ಪತ್ರಿಕೆಯೊಂದು ಹೆಣ್ಣು ಓತಿಯೊಂದರ ಯಕೃತ್ತಿಗೆ ತಗುಲಿದ ಅಡಿನೋವೈರಸ್ ಬಗ್ಗೆ ಬರೆದಿತ್ತು, ಹಳೆಯ ಹೆಸರಿನಲ್ಲೇ. ಈ ಸೋಂಕು ತಗುಲಿದ ಮರಿಗಳು ಸೊರಗುತ್ತವೆ, ತಿನ್ನುವುದನ್ನು ಬಿಡುತ್ತವೆ. ಕೆಲವು ಹಠಾತ್ತನೆ ಸಾಯುವುದೂ ಉಂಟು. ಆದರೆ ಯಕೃತ್ತಿನ ಜೀವಕೋಶಗಳಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವ ಗುರುತು ಉಳಿಯುತ್ತದೆ. ಎರಡನೆಯ ಆರೋಪಿ, ಸಾಕುವವರು ‘ಯೆಲ್ಲೋ ಫಂಗಸ್’ ಎನ್ನುವ ಶಿಲೀಂಧ್ರ. ಚರ್ಮದ ಮೇಲೆ ಹಳದಿ ಹಕ್ಕಳೆ ಕಟ್ಟಿ, ಒಳಮಾಂಸಕ್ಕಿಳಿದು, ವಾರ–ತಿಂಗಳುಗಳ ಕಾಲ ನರಳಿಸಿ ಕೊಲ್ಲುತ್ತದೆ. ನನ್ನ ಮುಂದಿದ್ದದ್ದು ಗಂಟೆಗಳ ಲೆಕ್ಕದ ಸಾವು. ಗಡಿಯಾರವೇ ಶಿಲೀಂಧ್ರವನ್ನು ಆರೋಪದಿಂದ ಬಿಡಿಸಿತು, ವೈರಸ್ಸಿನ ಮೇಲಿನ ಅನುಮಾನವನ್ನೂ ತಗ್ಗಿಸಿತು.

ಇಷ್ಟು ಬೇಗ ಕೊಲ್ಲುವುದು ವಿಷ. ಆ ಜಾಡಿನಲ್ಲಿ ಸಿಕ್ಕದ್ದು ‘ಜರ್ನಲ್ ಆಫ್ ಕೆಮಿಕಲ್ ಇಕಾಲಜಿ’ಯ 1999ರ ಒಂದು ಪುಟ್ಟ ಪ್ರಬಂಧ. ಬರೆದವರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ಥಾಮಸ್ ಐಸ್ನರ್ ಮತ್ತು ಸರೀಸೃಪ ತಜ್ಞ ಕ್ರೇಗ್ ಆಡ್ಲರ್ ಇದ್ದರು. ಸಾಕಿದ ಗಡ್ಡದ ಓತಿಗಳು ಮಿಂಚುಹುಳು ತಿಂದು ಸತ್ತ ಪ್ರಸಂಗಗಳು ಅದರಲ್ಲಿದ್ದವು. ತಿಂದ ಸ್ವಲ್ಪ ಹೊತ್ತಿಗೆ ಪ್ರಾಣಿ ತಲೆ ಒದರುತ್ತದೆ. ಗಂಟಲಿಗೆ ಏನೋ ಸಿಕ್ಕಿಕೊಂಡಂತೆ ಬಾಯಿ ಅಗಲಿಸುತ್ತದೆ, ಉಸಿರಿಗೆ ಕಷ್ಟಪಡುತ್ತದೆ. ತಿಳಿಗಂದು ಮೈ ಕಪ್ಪುಗಟ್ಟುತ್ತದೆ. ಆಮೇಲೆ ಸಾವು. ಒಂದೇ ಒಂದು ಮಿಂಚುಹುಳು ಇದಕ್ಕೆ ಸಾಕು.

ನಂಬುವುದು ಕಷ್ಟವಾಯಿತು. ಏಕೆಂದರೆ ನನ್ನ ಟಿಪ್ಪಣಿಯಲ್ಲಿ 1975ರ ಇನ್ನೊಂದು ಬರಹವಿತ್ತು. ಫ್ಲಾರಿಡಾದ ಕೀಟಶಾಸ್ತ್ರ ಪತ್ರಿಕೆಯಲ್ಲಿ ಬಂದ ಅದರ ತಲೆಬರಹದಲ್ಲೇ, ಮಿಂಚುಹುಳು ಕೆಟ್ಟ ರುಚಿಯದು, ಕೆಲವೊಮ್ಮೆ ವಾಂತಿ ಬರಿಸುತ್ತದೆ, ಕೊಲ್ಲುವುದಿಲ್ಲ ಎಂಬ ಅರ್ಥವಿತ್ತು. ಎರಡು ದಾಖಲೆ, ಎರಡು ಮಾತು. ಇವುಗಳ ನಡುವಿನ ಕೊಂಡಿ ಸಿಕ್ಕಿದ್ದು 1978ರ ಪ್ರಬಂಧವೊಂದರಲ್ಲಿ.

ಆ ವರ್ಷ ಐಸ್ನರ್, ರಸಾಯನವಿಜ್ಞಾನಿ ಜೆರಾಲ್ಡ್ ಮೈನ್‌ವಾಲ್ಡ್ ಮತ್ತು ಜೊತೆಗಾರರು ‘ಫೋಟಿನಸ್’ ಕುಲದ ಮಿಂಚುಹುಳುಗಳ ಮೈಯಲ್ಲಿರುವ ವಿಷವನ್ನು ಬೇರ್ಪಡಿಸಿ ಅದಕ್ಕೆ ‘ಲೂಸಿಬುಫಾಜಿನ್’ ಎಂದು ಹೆಸರಿಟ್ಟಿದ್ದರು. ಲ್ಯಾಟಿನ್ನಿನ ಬೆಳಕು ಮತ್ತು ನೆಲಗಪ್ಪೆ ಎಂಬ ಎರಡು ಪದಗಳ ಜೋಡಣೆ ಅದು. ನೆಲಗಪ್ಪೆಯ ಚರ್ಮದಲ್ಲಿರುವ ಹೃದಯವಿಷದ ಹತ್ತಿರದ ಸಂಬಂಧಿ. ಜೀವಕೋಶಗಳ ಒಳಗಿನ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳತರುವ ವ್ಯವಸ್ಥೆಯನ್ನು ಈ ಜಾತಿಯ ವಿಷಗಳು ಕೆಡಿಸುತ್ತವೆ. ಹೃದಯದ ಬಡಿತ ಹದ ತಪ್ಪುತ್ತದೆ. ಐಸ್ನರ್ ಬಳಿ ಫೋಗೆಲ್ ಎಂಬ ಥ್ರಶ್ ಹಕ್ಕಿ ಇತ್ತು. ಬಗೆಬಗೆಯ ಕೀಟಗಳನ್ನು ಅದರ ಮುಂದಿಟ್ಟು, ಯಾವುದನ್ನು ತಿನ್ನುತ್ತದೆ, ಯಾವುದನ್ನು ಬಿಡುತ್ತದೆ ಎಂದು ಅವರು ನೋಡುತ್ತಿದ್ದರು. ಮಿಂಚುಹುಳುವನ್ನು ಅದು ಬೇಡವೆಂದಿತು. ವಿಷದ ಹುಡುಕಾಟಕ್ಕೆ ಸುಳಿವು ಕೊಟ್ಟದ್ದು ಹಕ್ಕಿಯ ಆ ನಿರಾಕರಣೆ.

ಹಕ್ಕಿಗೆ ತಿಳಿದದ್ದು ಓತಿಗೆ ಏಕೆ ತಿಳಿಯಲಿಲ್ಲ? ಫೋಟಿನಸ್‌ನ ಮೂಲ ನೆಲೆ ಅಮೆರಿಕ ಖಂಡಗಳು. ಅಲ್ಲಿಯ ಪ್ರಾಣಿಗಳ ಪೂರ್ವಜರು ಅದರ ಜೊತೆಯಲ್ಲೇ ಬಾಳಿ, ಬಾಯಿಗೆ ಹಾಕಿದರೂ ಉಗುಳುವುದನ್ನು ರೂಢಿಸಿಕೊಂಡವರು. ಗಡ್ಡದ ಓತಿಯ ತವರು ಆಸ್ಟ್ರೇಲಿಯಾದ ಒಣನೆಲ. ಅದರ ವಂಶದಲ್ಲಿ ಯಾರೂ ಫೋಟಿನಸ್ ಕಂಡವರಲ್ಲ. ಅಮೆರಿಕದ ಗಾಜಿನ ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದ ಓತಿಗೆ ಮಿನುಗುವ ಹುಳುವೂ ಇನ್ನೊಂದು ಹುಳು ಅಷ್ಟೆ. ಅಲ್ಲಿಯ ಮಕ್ಕಳು ಬೇಸಿಗೆಯ ಸಂಜೆ ಹುಲ್ಲಿನ ಮೇಲೆ ಓಡಾಡಿ ಮಿಂಚುಹುಳು ಹಿಡಿದು ಶೀಶೆಗೆ ತುಂಬುತ್ತಾರೆ. ಅದರಿಂದ ಒಂದನ್ನು ಮನೆಯ ಓತಿಗೆ ಕೊಡಬೇಕೆನ್ನಿಸುವುದು ಎಷ್ಟು ಸಹಜ ಎಂದು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಇಸವಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದೆ. ವಿಷ ಗೊತ್ತಾದದ್ದು 1978. ಅದು ಓತಿಯನ್ನು ಕೊಲ್ಲುತ್ತದೆಂದು ಅಚ್ಚಾದದ್ದು 1999. ನಡುವೆ 21 ವರ್ಷ. ವಿಷದ ಮಾತು ಒಂದು ಕಪಾಟಿನಲ್ಲಿತ್ತು, ಸಾವಿನ ಮಾತು ಮನೆಗಳಲ್ಲಿತ್ತು. ಎರಡನ್ನೂ ಸೇರಿಸಿದ್ದು ಪ್ರಾಣಿ ಕೊನೆಗೆ ಏನು ತಿಂದಿತು ಎಂಬ ನೆನಪು. ವೈರಸ್ಸಾದರೆ ಯಕೃತ್ತಿನಲ್ಲಿ, ಶಿಲೀಂಧ್ರವಾದರೆ ಚರ್ಮದಲ್ಲಿ ಸಾಕ್ಷಿ ಇರುತ್ತದೆ. ಇಲ್ಲಿ ಮೊದಲ ಸಾಕ್ಷಿ ತುತ್ತು ಕೊಟ್ಟವರೇ. ಸಾಕಿದ ಪ್ರಾಣಿ ಕಣ್ಣೆದುರೇ ಸತ್ತ ಸಂಕಟದಲ್ಲಿ, ನಾವೇ ಕೊಟ್ಟೆವು ಎಂದು ಹೇಳಲು ಧೈರ್ಯ ಬೇಕು. ಅವರು ಹೇಳಿದ್ದರಿಂದಲೇ ಮಿಂಚುಹುಳು ಕೊಡಬೇಡಿ, ಪ್ರಾಣಿಯ ಸಹಜ ಆಹಾರವಲ್ಲದ, ವಿಷವಿರಬಹುದಾದ ಯಾವ ಕೀಟವನ್ನೂ ಕೊಡಬೇಡಿ ಎಂಬ ಎಚ್ಚರಿಕೆ ಅಚ್ಚಾಯಿತು.

ನಮ್ಮಲ್ಲೂ ಹೊರದೇಶದ ಓತಿ ಸಾಕುವವರಿದ್ದಾರೆ. ನಮ್ಮ ಮಿಂಚುಹುಳುಗಳ ಕುಲ ಬೇರೆ. ಆದರೂ ಹಿತ್ತಲಲ್ಲಿ ಹಿಡಿದ ಹುಳುವನ್ನು ಪೆಟ್ಟಿಗೆಯೊಳಗೆ ಬಿಡಬೇಡಿ. ಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಡಿ. ದಿನಾಂಕ, ಕೊಟ್ಟ ಆಹಾರ, ಅದು ಎಲ್ಲಿಂದ ಬಂತು ಎಂದು ಬರೆಯಿರಿ. ಪ್ರಾಣಿ ಒದ್ದಾಡತೊಡಗಿದರೆ ಆ ನೋಟ್‌ಬುಕ್ಕನ್ನೂ ಎತ್ತಿಕೊಂಡು ವೈದ್ಯರ ಬಳಿ ಓಡಿ.